ಪಾಲು ನಮ್ಮದು, ಖರ್ಚು ಯಾರದು?

ತವರಿನ ಆಸ್ತಿಯಲ್ಲಿ ಹೆಣ್ಣುಮಗಳು ಪಾಲು ಕೇಳಿದ ಕೂಡಲೇ ಬರುವ ಮಾತು, ‘ಮದುವೆಗೆ ಖರ್ಚು ಮಾಡಿದೆವಲ್ಲ, ಅದೇ ನಿನ್ನ ಪಾಲು.’ ವರದಕ್ಷಿಣೆ ಹೋದದ್ದು ಗಂಡನ ಮನೆಯವರ ಕೈಗೆ, ಲೆಕ್ಕ ಬರೆಯುವುದು ಮಾತ್ರ ಅವಳ ಹೆಸರಿಗೆ! ಹಿಂದೂ ಕುಟುಂಬಗಳ ಮಟ್ಟಿಗೆ ಇದಕ್ಕೆ ಕಾನೂನು ಉತ್ತರ ಕೊಟ್ಟಿದೆ. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿಕೊಂಡಿತು. ಆ ವೇಳೆಗೆ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಆದರೆ ಹಕ್ಕು ಕೈಗೆ ಬರಬೇಕಾದರೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಅದಕ್ಕೆ ತಗಲುವ ಖರ್ಚು ಯಾರದು?

ನನ್ನ ಪಾಲಿನ ದಾವೆಯಲ್ಲಿ ತೀರ್ಪು ನನ್ನ ಪರವಾಗಿಯೇ ಬಂತು. ಕೊನೆಯ ಸಾಲು ಮಾತ್ರ ಹೀಗಿತ್ತು: ಉಭಯ ಪಕ್ಷದವರೂ ತಮ್ಮ ತಮ್ಮ ಖರ್ಚು ತಾವೇ ಭರಿಸತಕ್ಕದ್ದು. ಒಂದೇ ಮನೆಯವರು, ಮನಸ್ತಾಪ ಬೆಳೆಯದಿರಲಿ ಎಂಬುದು ಇದರ ಹಿಂದಿನ ಒಳ್ಳೆಯ ಉದ್ದೇಶ. ಪಾಲಿನ ದಾವೆಗಳಲ್ಲಿ ಈ ಸಾಲು ಮಾಮೂಲಿ. ಕೇಳುವುದಕ್ಕೆ ಇದು ಸಮನ್ಯಾಯದಂತಿದೆ. ಆದರೆ ಅಣ್ಣ ವಕೀಲರಿಗೆ ಕೊಟ್ಟದ್ದು ಆ ಜಮೀನಿನ ಫಸಲಿನ ಹಣ, ಅದರಲ್ಲಿ ನನ್ನ ಪಾಲೂ ಇತ್ತು. ನಾನು ಕೊಟ್ಟದ್ದು ಕೈಬಳೆ ಮಾರಿದ ಹಣ, ಸಂಘದಿಂದ ತಂದ ಸಾಲ. ಅವನು ವಾಯಿದೆ ಕೇಳಿದಷ್ಟೂ ನನಗೆ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ನಷ್ಟ. ಹಾಗಿದ್ದ ಮೇಲೆ ಇಬ್ಬರ ಖರ್ಚೂ ಒಂದೇ ಹೇಗಾದೀತು?

ಗೆಳತಿಯರೇ, ಕಾನೂನು ಹೀಗೆ ಹೇಳುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನ ಪ್ರಕಾರ ಖರ್ಚಿನ ವಿಚಾರ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಆದರೆ ಗೆದ್ದವರಿಗೆ ಖರ್ಚು ಕೊಡಿಸದಿದ್ದರೆ ಕಾರಣವನ್ನು ಬರೆದು ಹೇಳಬೇಕು. ವಿನಾಕಾರಣ ತಡಮಾಡುವವರಿಂದ ಆ ದಿನದ ಖರ್ಚು ಕೊಡಿಸಲು 35-ಬಿ ಕಲಮು ಇದೆ. ಸುಳ್ಳು ತಕರಾರಿಗೆ ಪರಿಹಾರ ಕೊಡಿಸುವ 35-ಎ ಕಲಮೂ ಇದೆ, ಆದರೆ ಅದರ ಮಿತಿ 3,000 ರೂಪಾಯಿ! ಇಂದಿನ ಕಾಲದಲ್ಲಿ ಈ ಮೊತ್ತಕ್ಕೆ ಯಾರು ಹೆದರುತ್ತಾರೆ? ನಿಜವಾಗಿ ತಗಲಿದ ನ್ಯಾಯವಾದ ಖರ್ಚನ್ನು ಕೊಡಿಸಬೇಕೆಂದು ಸುಪ್ರೀಂ ಕೋರ್ಟೇ 2005ರಲ್ಲಿ ಹೇಳಿದೆ.

ಆದ್ದರಿಂದ ಕೇಳುವುದನ್ನು ಮೊದಲ ದಿನವೇ ಕೇಳಬೇಕು. ದಾವೆಯಲ್ಲಿ ಪಾಲಿನ ಜೊತೆಗೆ ಖರ್ಚನ್ನೂ, ಜಮೀನಿನ ಉತ್ಪನ್ನದಲ್ಲಿ ನಮ್ಮ ಭಾಗದ ಲೆಕ್ಕವನ್ನೂ ಬರೆಸಬೇಕು. ಕೋರ್ಟ್ ಫೀ, ವಕೀಲರ ಫೀ, ನಕಲು, ಕಮಿಷನರ್ ಅಳತೆ, ಎಲ್ಲದಕ್ಕೂ ರಸೀದಿ ಪಡೆದು ಜೋಪಾನ ಮಾಡಿ, ಖರ್ಚಿನ ಪಟ್ಟಿಯನ್ನು ಕೋರ್ಟಿಗೆ ಹಾಕಿಸಬೇಕು. ಡಿಕ್ರಿಯಲ್ಲಿ ಬರೆದ ಖರ್ಚನ್ನು ಅಮಲ್ಜಾರಿ ಮಾಡಿಸಿ ವಸೂಲಿ ಮಾಡಬಹುದು. ಗೆದ್ದ ಮೇಲೆ ಜಮೀನಿನಲ್ಲಿ ಇಷ್ಟು ಭಾಗ ಕೊಡು ಎನ್ನುವ ವಕೀಲರಿಗೆ ಒಪ್ಪಬೇಡಿ. ವಕೀಲರ ಪರಿಷತ್ತಿನ ನಿಯಮವೇ ಅದನ್ನು ನಿಷೇಧಿಸಿದೆ. ಕೈಯಲ್ಲಿ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. 1987ರ ಕಾಯಿದೆಯ ಪ್ರಕಾರ ಉಚಿತ ಕಾನೂನು ನೆರವು ಪಡೆಯಲು ಹೆಂಗಸರಿಗೆ ವರಮಾನದ ಮಿತಿಯಿಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸು ಬರುತ್ತದೆ.

ಸೋತವರು ಖರ್ಚು ಕೊಡಬೇಕೆಂದರೆ ಅದು ನಮ್ಮ ಮೇಲೂ ಬೀಳಬಹುದು, ನಿಜ. ಅದಕ್ಕೇ ಪಹಣಿ, ವಂಶವೃಕ್ಷ, ಹಳೆಯ ಪಾಲುಪತ್ರಗಳನ್ನು ನೋಡಿಕೊಂಡೇ ಹೆಜ್ಜೆ ಇಡೋಣ. ಖರ್ಚು ಕೇಳಿದರೆ ತವರಿನ ಬಾಗಿಲು ಮುಚ್ಚೀತು ಎನ್ನುವವರಿಗೆ ನನ್ನದು ಒಂದೇ ಪ್ರಶ್ನೆ: ಗಂಡನ ಮನೆಯಲ್ಲಿ ಏಟು ತಿಂದು ಬಂದವಳಿಗೆ ಆ ಬಾಗಿಲು ಎಷ್ಟು ದಿನ ತೆರೆದಿರುತ್ತದೆ? ಅವಳಿಗೆ ಬೇಕಾದದ್ದು ತನ್ನ ಹೆಸರಿನ ನೆಲ. ಆ ನೆಲದ ಅರ್ಧ ಬೆಲೆ ದಾವೆಗೇ ಕರಗಿಹೋದರೆ ಬಂದ ಪಾಲಿಗೆ ಅರ್ಥವೇನು? ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ದಾವೆ ಹೂಡಿರುವ ಸೋದರಿಯರ ರಸೀದಿ, ವಾಯಿದೆಗಳ ಲೆಕ್ಕ ಇಡುವುದಕ್ಕೆ ಓದುಬರಹ ಬಲ್ಲ ಒಬ್ಬರನ್ನು ಅಂದೇ ಗೊತ್ತುಮಾಡಿ.