ಐವತ್ತು ದಾಟಿದರೆ ನಡುಕ

ನಸುಕಿನಲ್ಲಿ ಕನಕಪುರ ರಸ್ತೆಯಿಂದ ಹೂವಿನ ಮೂಟೆ ಹೊತ್ತು ಗಾಂಧಿ ಬಜಾರಿಗೆ ಬರುವ ಹಳೆಯ ಪಿಕಪ್ ಗಾಡಿಯೊಂದನ್ನು ಕಲ್ಪಿಸಿಕೊಳ್ಳಿ. ವೇಗ ಗಂಟೆಗೆ 50 ಕಿಲೊಮೀಟರ್ ದಾಟುತ್ತಿದ್ದಂತೆ ಸೀಟಿನ ಅಡಿಯಲ್ಲಿ ಗುಂಯ್ ಎನ್ನುವ ನಡುಕ. 45ಕ್ಕೆ ಇಳಿಸಿದರೆ ಮಾಯ. ಬಸವನಗುಡಿಯ ಒಳಗೆ ಬಂದ ಮೇಲಂತೂ ಗಾಡಿ ಹಸುವಿನಷ್ಟು ಸಾಧು. ಚಾಲಕ ಅದನ್ನು ಜೆ.ಸಿ. ರಸ್ತೆ ಹಿಂದಿನ ಗಲ್ಲಿಯ ಗ್ಯಾರೇಜಿಗೆ ಒಯ್ದರೆ ಅಲ್ಲಿ 20ರ ವೇಗದಲ್ಲಿ ಓಡಿಸಿ ನೋಡಲೂ ಜಾಗವಿಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಂತ ಹಾಗೆ!

ದುಡ್ಡು ಸೋರುವುದು ಇಲ್ಲಿಂದಲೇ. ಮೊದಲು ಚಕ್ರದ ಬ್ಯಾಲೆನ್ಸಿಂಗ್, ಆಮೇಲೆ ಎರಡು ಹೊಸ ಟೈರು, ಅದಾದ ಮೇಲೆ ಎಂಜಿನ್ ಕೂರುವ ರಬ್ಬರು. ಮಗಳ ಕಾಲೇಜಿನ ಫೀಸಿಗೆಂದು ಎತ್ತಿಟ್ಟದ್ದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗುತ್ತದೆ. ನಡುಕ ಇದ್ದಲ್ಲೇ ಇರುತ್ತದೆ.

ಪಳಗಿದ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು ಪ್ರಶ್ನೆ ಕೇಳುತ್ತಾನೆ. ಯಾವ ವೇಗಕ್ಕೆ ಬರುತ್ತದೆ? ಖಾಲಿ ಇದ್ದಾಗಲೋ, ಲೋಡ್ ಇದ್ದಾಗಲೋ? ಇತ್ತೀಚೆಗೆ ಏನಾದರೂ ಬಿಚ್ಚಿಸಿದ್ದಿರಾ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ, ಅದಕ್ಕೆ ಮತ್ತೆ ಬರೋಣ.

ಮುಂದಿನ ಪರೀಕ್ಷೆಗೆ ಖಾಲಿಯಾದ ನೇರ ರಸ್ತೆ ಬೇಕು. ನಡುಕ ಬಂದ ವೇಗದಲ್ಲೇ ಗಾಡಿಯನ್ನು ನ್ಯೂಟ್ರಲ್ ಮಾಡಿದರೆ ಎಂಜಿನ್ನಿನ ಸುತ್ತು ತಟ್ಟನೆ ಇಳಿಯುತ್ತದೆ. ಆಗಲೂ ನಡುಕ ಮುಂದುವರಿದರೆ ಎಂಜಿನ್ ಮತ್ತು ಕ್ಲಚ್ ಬಹುಮಟ್ಟಿಗೆ ನಿರಪರಾಧಿಗಳು. (ಎಂಜಿನ್ ಬಂದ್ ಮಾಡಬಾರದು, ಬ್ರೇಕಿನ ಬಲ ಕುಗ್ಗೀತು; ಕೀಲಿ ತೆಗೆದರೆ ಸ್ಟಿಯರಿಂಗೇ ಬೀಗ ಹಾಕಿಕೊಂಡೀತು.) ಇನ್ನು ಉಳಿದ ಶಂಕಿತರು ಚಕ್ರ, ಹಿಂದಿನ ಆಕ್ಸಲ್ ಮತ್ತು ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್.

ಇವುಗಳಲ್ಲಿ ಯಾರು ಎಂದು ಹೇಳುವುದು ಹೈಸ್ಕೂಲಿನ ಗಣಿತ. ಟೈರಿನ ಎತ್ತರ 70 ಸೆಂಟಿಮೀಟರ್ ಎಂದುಕೊಂಡರೆ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 60 ಕಿಲೊಮೀಟರ್ ಎಂದರೆ ಸೆಕೆಂಡಿಗೆ 16.7 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಏಳೂವರೆ ಸುತ್ತು ಹೊಡೆಯುತ್ತದೆ. ಆಕ್ಸಲಿನ ಗೇರ್ ಅನುಪಾತ 5 ಇದ್ದರೆ ಶಾಫ್ಟು ಅದರ ಐದರಷ್ಟು, ಸುಮಾರು 38 ಸುತ್ತು. ಚಕ್ರದ ದೋಷ ಕೈಕಾಲನ್ನು ಅಲುಗಿಸುತ್ತದೆ. ಶಾಫ್ಟಿನದು ದುಂಬಿಯಂತೆ ಗುಂಯ್‌ಗುಡುತ್ತದೆ. ನಮ್ಮ ಚಾಲಕ ಮೊದಲ ದಿನವೇ ಹೇಳಿದ್ದ, ಗುಂಯ್ ಎನ್ನುತ್ತದೆ ಎಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಷ್ಟೆ.

ಈ ಶಾಫ್ಟಿನ ಎರಡೂ ತುದಿಗೆ ಒಂದೊಂದು ಕೀಲು. ಗ್ಯಾರೇಜಿನವರ ಬಾಯಲ್ಲಿ ಅದು ‘ಕ್ರಾಸ್’. ಎರಡು ಮೂರು ಕಿಲೊಮೀಟರ್ ಆಚೆ, ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಕಾಲೇಜಿನಂಥ ಕಡೆ ಮೆಕ್ಯಾನಿಕಲ್ ಓದುವ ಹುಡುಗರಿಗೆ ಅದೇ ‘ಹುಕ್ಸ್ ಜಾಯಿಂಟ್’. ಸ್ಪ್ರಿಂಗಿನ ನಿಯಮಕ್ಕೆ ಹೆಸರಾದ ಇಂಗ್ಲೆಂಡಿನ ರಾಬರ್ಟ್ ಹುಕ್, 1676ರಲ್ಲಿ ಸೂರ್ಯನನ್ನು ನೋಡುವ ಉಪಕರಣಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ವಿವರಿಸಿದ. ಅದೀಗ ಹೂವಿನ ಗಾಡಿಯ ಹೊಟ್ಟೆಯಡಿ ತಿರುಗುತ್ತಿದೆ.

ಈ ಕೀಲಿಗೊಂದು ವಿಚಿತ್ರ ಗುಣವಿದೆ. ಓರೆಯಾಗಿದ್ದಾಗ ಅದು ಒಂದೇ ಸಮನಾದ ವೇಗವನ್ನು ಆಚೆ ದಾಟಿಸುವುದಿಲ್ಲ. 10 ಡಿಗ್ರಿ ಓರೆ ಇದ್ದು ಒಂದು ಕಡೆ ನಿಮಿಷಕ್ಕೆ 1000 ಸುತ್ತಿನ ವೇಗ ಕೊಟ್ಟರೆ ಇನ್ನೊಂದು ಕಡೆ ವೇಗ 985ಕ್ಕೂ 1015ಕ್ಕೂ ನಡುವೆ ಜೀಕುತ್ತದೆ, ಪ್ರತಿ ಸುತ್ತಿಗೆ ಎರಡು ಸಲ. ಇದಕ್ಕೆ ಮದ್ದು ಎರಡನೆಯ ಕೀಲು. ಎರಡರ ಓರೆಯೂ ಸಮನಾಗಿದ್ದು, ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿದ್ದರೆ ಮೊದಲನೆಯದು ಮಾಡಿದ ತಪ್ಪನ್ನು ಎರಡನೆಯದು ಅಳಿಸಿಹಾಕುತ್ತದೆ.

ಆದರೆ ಗುಂಡಿಯಲ್ಲಿ ಕಮಾನು ಪಟ್ಟಿ ಏರಿಳಿದಂತೆ ಶಾಫ್ಟಿನ ಉದ್ದವೂ ಹೆಚ್ಚುಕಡಿಮೆಯಾಗಬೇಕು. ಅದಕ್ಕೆಂದೇ ಶಾಫ್ಟನ್ನು ಎರಡು ತುಂಡು ಮಾಡಿ, ಹಲ್ಲುಗಳ ಮೇಲೆ ಜಾರುವಂತೆ ಒಂದರೊಳಗೊಂದು ಕೂರಿಸಿರುತ್ತಾರೆ. ಕ್ರಾಸ್ ಬದಲಿಸುವಾಗ ಈ ತುಂಡುಗಳನ್ನು ಎಳೆದು, ತಿರುಗಿ ಕೂರಿಸುವಾಗ ಒಂದು ಹಲ್ಲು ತಪ್ಪಿತೆನ್ನಿ. 16 ಹಲ್ಲಿದ್ದರೆ ಅಲ್ಲಿಗೆ ಕವಲುಗಳು 22.5 ಡಿಗ್ರಿ ತಿರುಚಿಕೊಂಡವು. ಭಾಗಗಳೆಲ್ಲ ಹೊಸವು, ಗ್ರೀಸೂ ಹೊಸದು, ನಡುಕವೂ ಹೊಸದು! ‘ಇತ್ತೀಚೆಗೆ ಏನು ಬಿಚ್ಚಿಸಿದ್ದಿರಿ’ ಎಂಬ ಪ್ರಶ್ನೆಯ ಬೆಲೆ ಇದು. ಹಾಗಾಗಿಯೇ ಬಲ್ಲವರು ಬಿಚ್ಚುವ ಮುಂಚೆ ಎರಡೂ ತುಂಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಹಲವು ಶಾಫ್ಟುಗಳಲ್ಲಿ ಬಾಣದ ಗುರುತು ಮೊದಲೇ ಇರುತ್ತದೆ, ಮಣ್ಣು ಕೆರೆದು ನೋಡಬೇಕು.

ನಡುಕವನ್ನು ಸಹಿಸಿಕೊಂಡು ಓಡಿಸುವುದು ಉಳಿತಾಯವಲ್ಲ. ಸವೆದ ಕ್ರಾಸ್ ಮೊದಲು ಗಾಡಿ ಹೊರಡುವಾಗ ‘ಟಕ್’ ಎನ್ನುತ್ತದೆ, ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಕಾಣುತ್ತದೆ. ಆಮೇಲೆ ಮುರಿಯುತ್ತದೆ. ಓಡುವಾಗ ಶಾಫ್ಟಿನ ಮುಂದಿನ ತುದಿ ಕಳಚಿ ಬಿದ್ದರೆ ಅದು ರಸ್ತೆಗೆ ನಾಟಿಕೊಂಡು ಗಾಡಿಯನ್ನೇ ಎತ್ತಿಹಾಕಬಲ್ಲದು. ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ, ಶಾಫ್ಟನ್ನು ಕೈಯಿಂದ ಅಲುಗಿಸಿ ನೋಡಲು ಐದು ನಿಮಿಷ ಸಾಕು.

ಗುರುತುಗಳು ಕೂಡಿವೆ, ಕ್ರಾಸ್ ಗಟ್ಟಿಯಾಗಿದೆ, ಆದರೂ ನಡುಕ ನಿಂತಿಲ್ಲವೇ? ತೂಕ ಸರಿದೂಗಿಸಲು ಶಾಫ್ಟಿಗೆ ಬೆಸೆದಿದ್ದ ಸಣ್ಣ ಲೋಹದ ಬಿಲ್ಲೆ ಉದುರಿರಬಹುದು. ಅದಕ್ಕೊಂದು ಅಗ್ಗದ ಉಪಾಯವಿದೆ. ರೇಡಿಯೇಟರ್ ಪೈಪಿಗೆ ಬಿಗಿಯುವ ಕ್ಲಿಪ್ಪನ್ನು ಶಾಫ್ಟಿಗೆ ಬಿಗಿದು, ಅದರ ಸ್ಕ್ರೂ ತಲೆಯನ್ನು ಸ್ವಲ್ಪ ಸ್ವಲ್ಪವೇ ಸುತ್ತ ಸರಿಸುತ್ತ ಪ್ರತಿ ಸಲವೂ ಓಡಿಸಿ ನೋಡುವುದು. ಒಂದು ಜಾಗದಲ್ಲಿ ನಡುಕ ತಗ್ಗಿದರೆ ಕಳ್ಳ ಸಿಕ್ಕ ಹಾಗೆಯೇ. ಆಗ ಶಾಫ್ಟನ್ನು ಬಿಚ್ಚಿ ಬ್ಯಾಲೆನ್ಸಿಂಗ್ ಯಂತ್ರವಿರುವ ಅಂಗಡಿಗೆ ಕಳಿಸಬಹುದು, ಸೀಮೆಸುಣ್ಣದ ಗೆರೆ ಎಳೆದ ಮೇಲೆ.