ಟ್ಯೂಷನ್ ಪುರಾಣ, ಭಾಗ 3: ನೋಟ್ಸ್ ತೆಗೆದು ನೋಡೋರು ಯಾರು?

"ಅಕ್ಕಾ, ಒಂಬತ್ತನೇ ಕ್ಲಾಸಿಗೆ ಕೊಳ್ಳೇಗಾಲದಲ್ಲಿ ಯಾವ ಟ್ಯೂಷನ್ ಬೆಸ್ಟ್?" ಮೆಸೇಜ್ ಮೇಲೆ ಮೆಸೇಜ್. ಹೆಸರು ಹೇಳಲ್ಲ. ಪ್ರಶ್ನೆನೇ ತಪ್ಪು.

ಎಲ್ಲರೂ ಹೋಗ್ತಾರೆ ಅಂತ ನನ್ನ ತಂಗಿನೂ ಒಂದು ಕಡೆ ಸೇರಿಸಿದ್ವಿ. ಒಂದೇ ರೂಮು, 40 ಮಕ್ಕಳು, ಬೋರ್ಡ್ ಮೇಲೆ ಬಹುಪದೋಕ್ತಿ. ಬೆಳಿಗ್ಗೆ ಸ್ಕೂಲಲ್ಲಿ ಬರ್ಕೊಂಡಿದ್ದನ್ನೇ ಸಂಜೆ ಮತ್ತೆ ಬರ್ಕೊಂಡು ಬರೋಳು. 3 ತಿಂಗಳಲ್ಲಿ ಒಬ್ಬರೂ ಅವಳ ನೋಟ್ಸ್ ತೆಗೆದು ನೋಡಲಿಲ್ಲ. ನೋಡಿದ್ದಿದ್ರೆ ಗೊತ್ತಾಗ್ತಿತ್ತು: ಮೈನಸ್ಸಿಗೆ ಮೈನಸ್ ಗುಣಿಸಿದ್ರೆ ಏನು ಬರುತ್ತೆ ಅನ್ನೋದೇ ಅವಳಿಗೆ 7ನೇ ಕ್ಲಾಸಿಂದ ಗೊಂದಲ. ಇದು ಟ್ಯೂಷನ್ ಅಲ್ಲ ಕಣ್ರೋ, ಫೀಸ್ ಕಟ್ಟಿಸ್ಕೊಳ್ಳೋ ಎರಡನೇ ಸ್ಕೂಲು.

"ನಮ್ಮ ಮೇಷ್ಟ್ರ ಹತ್ರನೇ ಹೋದ್ರೆ ಮಾರ್ಕ್ಸ್ ಸಿಗುತ್ತೆ" ಅನ್ನೋರೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ, 28ನೇ ಸೆಕ್ಷನ್: ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಕಾಯ್ದೆ 8ನೇ ಕ್ಲಾಸ್‌ವರೆಗೆ ಅಷ್ಟೇ ಅಂತ ವಾದ ಮಾಡ್ತೀರಾ? ಹೈಸ್ಕೂಲಿಗೆ ಬಂದ ತಕ್ಷಣ ತಪ್ಪು ಸರಿಯಾಗಿಬಿಡುತ್ತಾ?

ಹನೂರು, ಯಳಂದೂರು ಕಡೆಯವರ ಪಾಡು ಬೇರೆ. 2023ರ ಜೂನ್‌ನಿಂದ ಹೆಣ್ಮಕ್ಕಳಿಗೆ ಬಸ್ ಫ್ರೀ, ಒಪ್ಪಿದೆ. ಆದ್ರೆ ಕೊಳ್ಳೇಗಾಲದಲ್ಲಿ ಏಳೂವರೆಗೆ ಬಿಟ್ಟರೆ, ಕಾಡಂಚಿನ ಊರಿಗೆ ಆಮೇಲೆ ಯಾವ ಬಸ್ಸು? ಊರಲ್ಲೇ ಡಿಗ್ರಿ ಮುಗಿಸಿ ಕೆಲಸ ಹುಡುಕ್ತಿರೋ ಅಕ್ಕನೋ ಅಣ್ಣನೋ ಇರ್ತಾರಲ್ಲ, ಅವರನ್ನ ಕೇಳಿ.

ನಾವೂ ಕೊನೆಗೆ ಅದನ್ನೇ ಮಾಡಿದ್ವಿ. ಪಕ್ಕದ ಬೀದಿಯ ಬಿಎಸ್ಸಿ ಅಕ್ಕ, ವಾರಕ್ಕೆ 3 ದಿನ. ಮೊದಲ ದಿನ ಪಾಠನೇ ಇಲ್ಲ. ನೋಟ್ಸ್ ಪೂರ್ತಿ ತಿರುವಿ ಹಾಕಿ, "ಇಲ್ಲಿ ನೋಡು, ಇಲ್ಲೇ ಸಿಕ್ಕಾಕ್ಕೊಂಡಿದ್ದೀಯ" ಅಂದ್ರು.

ಫೀಸ್ ಲೆಕ್ಕ ಮುಂದಿನ ಭಾಗದಲ್ಲಿ.