ಕನಸು ಕಾಣಲು ಪರಭಾಷೆಯೇ ಬೇಕೆ?

ಈ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅದರ ಮುಂದಾಳು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಹೊತ್ತು ಹೋಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದಾಗ ಅದರ ಮೇಲೆ ಕಣ್ಣಿಟ್ಟು ಕೂತಿದ್ದ ನಿಯಂತ್ರಣ ಕೊಠಡಿ ಇದ್ದದ್ದೂ ಪೀಣ್ಯದಲ್ಲೇ. ಅಲ್ಲಿಂದ ರಾಜಾಜಿನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯ ಎಲ್ಲವೂ ಕೆಲವೇ ಕಿಲೋಮೀಟರು. ಈ ಬಡಾವಣೆಗಳ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳು ‘ಆಕಾಶನೌಕೆಯ ಕತೆ ಇರುವ ಒಂದು ಧಾರಾವಾಹಿ ಹೇಳಿ, ಕನ್ನಡದಲ್ಲಿ’ ಎಂದು ಕೇಳಿದರೆ ನಾವು ಏನು ಹೇಳಬೇಕು? ನಿಜವಾದ ಆಕಾಶನೌಕೆಗೆ ಆಜ್ಞೆ ಹೋಗುವ ಊರಿನಲ್ಲಿ ಕಲ್ಪನೆಯ ಆಕಾಶನೌಕೆ ಕನ್ನಡದಲ್ಲಿ ಮಾತನಾಡದೆ ಹೋದದ್ದು ಹೇಗೆ? ಇದು ಆಕಸ್ಮಿಕವಲ್ಲ. ನಾವೇ ಕಟ್ಟಿಕೊಂಡ ಗೋಡೆಯ ಫಲ ಇದು.

ನಾವು ಎಂದರೆ ಪಶ್ಚಿಮ ಬೆಂಗಳೂರಿನ ವಠಾರಗಳಲ್ಲಿ, ಒಂದು ಟಿ.ವಿ.ಯ ಮುಂದೆ ನಾಲ್ಕು ಮನೆಯವರು ಕೂತು ಬೆಳೆದವರು. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಬರುತ್ತಿತ್ತು, ಇಂಗ್ಲಿಷಿನಲ್ಲಿ. ‘ಸ್ಪೇಸ್ ಸಿಟಿ ಸಿಗ್ಮಾ’ ಬಂತು, ಹಿಂದಿಯಲ್ಲಿ. ಆಮೇಲೆ ‘ಜಂಗಲ್ ಬುಕ್’, ‘ಅಲಿಫ್ ಲೈಲಾ’, ‘ಚಂದ್ರಕಾಂತಾ’. 1997ರಿಂದ 2005ರವರೆಗೆ ‘ಶಕ್ತಿಮಾನ್’, 1998ರಲ್ಲಿ ‘ಕ್ಯಾಪ್ಟನ್ ವ್ಯೋಮ್’. ಎಲ್ಲವೂ ಹಿಂದಿಯೇ. ಜಪಾನಿನಲ್ಲಿ ತಯಾರಾದ ‘ಜಂಗಲ್ ಬುಕ್’ ಕೂಡ ನಮಗೆ ಬಂದದ್ದು ಹಿಂದಿಯ ಬಾಯಿಂದ. ಮನೆಯಲ್ಲಿ ದಖನಿ ಮಾತನಾಡುವ ಮಕ್ಕಳು ‘ತಿಲಿಸ್ಮ್’ ಎಂದರೇನೆಂದು ಪಕ್ಕದ ಮನೆಯ ಗೌಡರ ಮಕ್ಕಳಿಗೆ, ಶೆಟ್ಟರ ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದರು. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಊಹೆ ತುಂಬುತ್ತಿತ್ತು. ಆ ದಿನಗಳ ಬಗ್ಗೆ ನಮಗೆ ನಾಚಿಕೆಯಿಲ್ಲ, ಪ್ರೀತಿಯೇ ಇದೆ. ಆದರೆ ಒಂದು ಮಾತನ್ನು ಗಮನಿಸಬೇಕು: ಬೇರೆ ಗ್ರಹ, ಬೇರೆ ಕಾಲ, ಮಾಯಾಲೋಕ ಎಂದ ಕೂಡಲೇ ಅದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು ಎಂಬ ಪಾಠ ಅಲ್ಲಿಯೇ ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಕನ್ನಡ ಎಂದರೆ ಅತ್ತೆ ಸೊಸೆ, ಆಸ್ತಿ ಜಗಳ, ಕೋರ್ಟು ಕಚೇರಿ.

ಈ ಪಾಠ ಕಲಿಸಿದ್ದು ಡಬ್ಬಿಂಗ್ ವಿರೋಧ. ಅದರ ಇತಿಹಾಸವನ್ನು ನ್ಯಾಯವಾಗಿಯೇ ಹೇಳೋಣ. ಅರವತ್ತರ ದಶಕದ ಆರಂಭದಲ್ಲಿ ಅನಕೃ, ಮ. ರಾಮಮೂರ್ತಿ ಮುಂತಾದವರು ಬೀದಿಗಿಳಿದಾಗ ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರಗಳು, ಅವೂ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗಬೇಕಿತ್ತು. ಡಬ್ ಆದ ಚಿತ್ರಗಳೇ ತುಂಬಿಕೊಂಡರೆ ಕನ್ನಡದ ನಟ, ತಂತ್ರಜ್ಞ, ಸಾಹಿತಿ ಬದುಕುವುದು ಹೇಗೆ ಎಂಬ ಅವರ ಪ್ರಶ್ನೆ ಸರಿಯಾದದ್ದೇ. ಆ ಹೋರಾಟದ ಬಲದಿಂದ ಕನ್ನಡ ಚಿತ್ರರಂಗ ತನ್ನ ಕಾಲ ಮೇಲೆ ನಿಂತಿತು. ಇದನ್ನು ಅಲ್ಲಗಳೆಯುವವರು ಕೃತಘ್ನರು.

ಆದರೆ ಎಳೆಯ ಸಸಿಗೆ ಹಾಕಿದ ಬೇಲಿಯನ್ನು ಮರವಾದ ಮೇಲೂ ಬಿಗಿದೇ ಇಟ್ಟರೆ ಅದು ಕಾಂಡವನ್ನೇ ಕೊರೆಯುತ್ತದೆ. ಡಬ್ಬಿಂಗ್ ನಿಷೇಧಿಸುವ ಕಾನೂನು ಯಾವತ್ತೂ ಇರಲಿಲ್ಲ. ಇದ್ದದ್ದು ಉದ್ಯಮದ ಒಳಗಿನ ಅಲಿಖಿತ ಕಟ್ಟಳೆ. ಅದು ಸುಮಾರು ಐವತ್ತು ವರ್ಷ ನಡೆಯಿತು. 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳಂಗಳಲ್ಲಿ ಕೇಳಿಸಿತು, ಕನ್ನಡದಲ್ಲಿ ಕೇಳಿಸಲಿಲ್ಲ. 2010ರ ‘ಎಂದಿರನ್’ ತೆಲುಗಿನಲ್ಲಿ ‘ರೋಬೋ’ ಆಯಿತು, ಹಿಂದಿಯಲ್ಲಿ ‘ರೋಬೋಟ್’ ಆಯಿತು, ಕನ್ನಡದಲ್ಲಿ ಏನೂ ಆಗಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಈ ಕಟ್ಟಳೆ ಕಾನೂನುಬಾಹಿರವೆಂದು ಆದೇಶಿಸಿ ದಂಡ ಹಾಕುವವರೆಗೂ ಬಾಗಿಲು ತೆರೆಯಲಿಲ್ಲ.

ಈ ಐವತ್ತು ವರ್ಷಗಳಲ್ಲಿ ಯಾರಿಗೆ ನಷ್ಟವಾಯಿತು? ಇಂಗ್ಲಿಷ್ ಬಲ್ಲವರಿಗೆ ಆಗಲಿಲ್ಲ. ಅವರು ಎಂ.ಜಿ. ರಸ್ತೆಯಲ್ಲಿ ‘ಸ್ಟಾರ್ ವಾರ್ಸ್’ ನೋಡಿದರು, ಆಮೇಲೆ ಡಿ.ವಿ.ಡಿ. ತರಿಸಿಕೊಂಡರು. ಚಿತ್ರೋದ್ಯಮದ ದೊಡ್ಡವರ ಮಕ್ಕಳಿಗೂ ಆಗಲಿಲ್ಲ. ನಷ್ಟವಾದದ್ದು ಕನ್ನಡ ಮಾತ್ರ ಬಲ್ಲವರಿಗೆ. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಲೇತ್ ತಿರುಗಿಸುವವರ ಮಕ್ಕಳಿಗೆ, ಮಾಗಡಿ ರಸ್ತೆಯ ಗಾರ್ಮೆಂಟ್ಸಿನಲ್ಲಿ ದುಡಿಯುವ ತಾಯಂದಿರ ಮಕ್ಕಳಿಗೆ, ಕೆಂಗೇರಿಯಾಚೆಯ ಹಳ್ಳಿಯ ಮಕ್ಕಳಿಗೆ. ಕನ್ನಡವನ್ನು ಉಳಿಸುವ ಹೆಸರಿನಲ್ಲಿ ಕನ್ನಡವನ್ನೇ ನಂಬಿದವರನ್ನು ಹಸಿವಿನಲ್ಲಿ ಇಟ್ಟೆವು. ಆ ಮಕ್ಕಳು ಡಬ್ಬಿಂಗ್ ಇಲ್ಲವೆಂದು ಕನ್ನಡ ಧಾರಾವಾಹಿಗೆ ಹಿಂತಿರುಗಿದರೇ? ಇಲ್ಲ. ಹಿಂದಿ ಕಾರ್ಟೂನು ಕಲಿತರು, ಇನ್ನು ಕೆಲವರು ತಮಿಳು, ತೆಲುಗು ಚಾನೆಲ್ಲಿಗೆ ಹೋದರು. 2009ರಲ್ಲಿ ಚಿಂಟು ಟಿ.ವಿ. ಬಂದು ಕಾರ್ಟೂನುಗಳು ಕನ್ನಡದಲ್ಲಿ ಮಾತನಾಡತೊಡಗಿದಾಗ ಮಕ್ಕಳು ಕಣ್ಣು ಕೀಳದೆ ನೋಡಿದರು. ಅದರಿಂದ ಕನ್ನಡಕ್ಕೆ ಯಾವ ಕೇಡೂ ಆಗಲಿಲ್ಲ.

‘ಹೊರಗಿನ ಕತೆ ಬಂದರೆ ನಮ್ಮ ಸಂಸ್ಕೃತಿ ಕೆಡುತ್ತದೆ’ ಎನ್ನುವವರು ಕನ್ನಡದ ಚರಿತ್ರೆಯನ್ನೇ ಓದಿಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ, ಗಳಗನಾಥರು ಮರಾಠಿಯಿಂದ ಕಾದಂಬರಿ ತಂದದ್ದರಿಂದಲೇ ಕನ್ನಡಕ್ಕೆ ಓದುಗ ವರ್ಗ ಹುಟ್ಟಿತು. ‘ಚಂದಮಾಮ’ ಮದರಾಸಿನಲ್ಲಿ ಅಚ್ಚಾಗಿ ಹಲವು ಭಾಷೆಗಳಲ್ಲಿ ಒಟ್ಟಿಗೆ ಬರುತ್ತಿತ್ತು. ಚಿತ್ರಕಾರ ಶಂಕರ್ ಬರೆದ ಬೇತಾಳ ಎಲ್ಲ ಭಾಷೆಯಲ್ಲೂ ಒಂದೇ. ಹೆಗಲ ಮೇಲೆ ಹೆಣ ಹೊತ್ತ ವಿಕ್ರಮನನ್ನು ನೋಡಿ ‘ಇದು ಡಬ್ಬಿಂಗ್’ ಎಂದು ಯಾರಾದರೂ ಪತ್ರಿಕೆ ಸುಟ್ಟರೇ? ‘ಬಾಲಮಂಗಳ’ದ ಡಿಂಗ ಮಲಯಾಳದಿಂದ ಬಂದವನು. ಅವನನ್ನು ಕನ್ನಡದ ಮಕ್ಕಳು ತಮ್ಮವನೆಂದೇ ಸಾಕಿಕೊಂಡರು. ‘ಅಮರ ಚಿತ್ರಕಥೆ’ಯ ಮೊದಲ ಹೆಜ್ಜೆ ಕೂಡ 1965ರಲ್ಲಿ ಇದೇ ಬೆಂಗಳೂರಿನಲ್ಲಿ ಕನ್ನಡದಲ್ಲೇ ಬಿತ್ತು, ಅದೂ ಸಿಂಡರೆಲಾಳಂಥ ಪಾಶ್ಚಾತ್ಯ ಕತೆಗಳೊಂದಿಗೆ. ತೆಲುಗಿನ ‘ಮಾಯಾಬಜಾರ್’ ಕನ್ನಡಕ್ಕೆ ಡಬ್ ಆಗಿ ಬಂದಿತ್ತು. ಅದರಲ್ಲೊಂದು ‘ಪ್ರಿಯದರ್ಶಿನಿ’ ಪೆಟ್ಟಿಗೆ, ತೆರೆದವರಿಗೆ ಅವರವರ ಪ್ರೀತಿಯದನ್ನು ತೋರಿಸುವಂಥದ್ದು. ಕನ್ನಡದ ಮಗುವಿನ ಪಾಲಿಗೆ ಆ ಪೆಟ್ಟಿಗೆಯನ್ನು ಮುಚ್ಚಿದವರು ನಾವು.

ಇನ್ನೊಂದು ವಾದವಿದೆ, ಅದು ನಮ್ಮ ಪ್ರಗತಿಪರ ಮಿತ್ರರದು. ಮಾಯೆ, ಮಂತ್ರ, ಅನ್ಯಗ್ರಹದ ಜೀವಿ ಇವೆಲ್ಲ ಮೌಢ್ಯ ಬೆಳೆಸುತ್ತವೆ, ಸಾಹಿತ್ಯವೆಂದರೆ ವಾಸ್ತವ ಎನ್ನುತ್ತಾರೆ. ಇದು ತಲೆಕೆಳಗಾದ ಮಾತು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ‘ವೈಮಾನಿಕ ಶಾಸ್ತ್ರ’ವನ್ನು ಹೇಳಿ ಬರೆಸಿದರು. ಎಲ್ಲಪ್ಪ ಎಂಬ ನಕ್ಷೆಗಾರರು ರುಕ್ಮ ವಿಮಾನ, ಶಕುನ ವಿಮಾನಗಳ ಚಿತ್ರ ಬಿಡಿಸಿದರು. ಅವನ್ನು ನೋಡಿದರೆ ನಮ್ಮಂಥ ಅಭಿಮಾನಿಗಳಿಗೆ ಮೈ ಜುಮ್ಮೆನ್ನುತ್ತದೆ: ಗೋಪುರದಂಥ ನೌಕೆ, ಹಕ್ಕಿಯಂಥ ನೌಕೆ! ಕಲ್ಪನೆಯ ಚಿತ್ರಗಳೆಂದು ಅವನ್ನು ಗೋಡೆಗೆ ತೂಗುಹಾಕಲು ನಾವು ಸಿದ್ಧ. ಆದರೆ ಅವನ್ನು ಚರಿತ್ರೆಯೆಂದು ಮಾರಲಾಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಪರೀಕ್ಷಿಸಿ, ಆ ಗ್ರಂಥ ಪ್ರಾಚೀನವಲ್ಲ, ಅಲ್ಲಿನ ವಿಮಾನಗಳು ಹಾರಲಾರವು ಎಂದು ಬರೆದರು. ಆದರೂ 2015ರಲ್ಲಿ ಮುಂಬೈನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾಯಿತು, ಚಪ್ಪಾಳೆ ತಟ್ಟುವವರೂ ಸಿಕ್ಕರು.

‘ಸ್ಟಾರ್ ಟ್ರೆಕ್’ ನೋಡಿ ಬೆಳೆದವನು ಅದು ನಡೆದದ್ದೆಂದು ಹೇಳುವುದಿಲ್ಲ. ‘ಹೀಗಾದರೆ ಏನಾದೀತು?’ ಎಂದು ಕೇಳುತ್ತಾನೆ. ಕಲ್ಪನೆಯನ್ನು ಕಲ್ಪನೆಯೆಂದೇ ಪ್ರೀತಿಸುವುದನ್ನು ಕಲಿತವನಿಗೆ ಅದನ್ನು ಸತ್ಯವೆಂದು ಮಾರಲು ಬರುವುದು ಸುಲಭವಲ್ಲ. ನಾವು ಮಕ್ಕಳಿಗೆ ವೈಜ್ಞಾನಿಕ ಕಲ್ಪನೆಯನ್ನು ಕೊಡದಿದ್ದರೆ ಅವರೇನೂ ಕಲ್ಪನೆಯಿಲ್ಲದೆ ಬದುಕುವುದಿಲ್ಲ. ಆ ಖಾಲಿ ಜಾಗಕ್ಕೆ ಬೆಳಗಿನ ಟಿ.ವಿ. ಜ್ಯೋತಿಷಿ ಬರುತ್ತಾನೆ, ಸೇಡು ತೀರಿಸುವ ನಾಗಿಣಿ ಬರುತ್ತಾಳೆ, ಪುರಾಣದ ಪ್ಲಾಸ್ಟಿಕ್ ಸರ್ಜರಿ ಬರುತ್ತದೆ. ಬಂದಿದ್ದಾರೆ, ಬಂದಿದೆ.

ಈ ಪ್ರಕಾರ ಪಾಶ್ಚಾತ್ಯರ ಸ್ವತ್ತೂ ಅಲ್ಲ. ಜಗದೀಶಚಂದ್ರ ಬೋಸರು 1896ರಲ್ಲೇ ಬಂಗಾಳಿಯಲ್ಲಿ ವೈಜ್ಞಾನಿಕ ಕತೆ ಬರೆದಿದ್ದರು. 1905ರಲ್ಲಿ ರುಕಿಯಾ ಹುಸೇನ್ ಬರೆದ ‘ಸುಲ್ತಾನಾಸ್ ಡ್ರೀಮ್’ ಪ್ರಕಟವಾದದ್ದು ಮದರಾಸಿನ ಪತ್ರಿಕೆಯಲ್ಲಿ. ಸೂರ್ಯನ ಶಾಖದಿಂದ ಅಡುಗೆ, ಗಾಳಿಯಲ್ಲಿ ತೇಲುವ ವಾಹನ, ನಾಡನ್ನು ಆಳುವ ಹೆಂಗಸರು, ನಾಲ್ಕು ಗೋಡೆಯೊಳಗೆ ಗಂಡಸರು! ಪರ್ದಾದೊಳಗೆ ಬೆಳೆದ ಹೆಣ್ಣುಮಗಳೊಬ್ಬಳು ವಾಸ್ತವದ ಕತೆಯಲ್ಲಿ ಹೇಳಲಾಗದ್ದನ್ನು ಕನಸಿನ ಕತೆಯಲ್ಲಿ ಹೇಳಿಬಿಟ್ಟಳು. ಮರಾಠಿಯಲ್ಲಿ ಜಯಂತ ನಾರ್ಳೀಕರ್ ಬರೆದರು. ತಮಿಳಿನಲ್ಲಿ ಸುಜಾತಾ ಬರೆದರು. ಈ ಸುಜಾತಾ ಯಾರು? ನಮ್ಮದೇ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯ ಇಂಜಿನಿಯರ್ ಎಸ್. ರಂಗರಾಜನ್. ಅವರ ‘ಎನ್ ಇನಿಯ ಇಯಂದಿರಾ’ ತಮಿಳು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ದೂರದರ್ಶನಕ್ಕೂ ಹೋಯಿತು. ‘ಎಂದಿರನ್’ಗೆ ಮಾತು ಬರೆದವರಲ್ಲೂ ಅವರು ಒಬ್ಬರು. ಬೆಂಗಳೂರಿನ ಕಾರ್ಖಾನೆಯಲ್ಲಿ ದುಡಿಯುತ್ತ ಅವರು ಕಂಡ ಕನಸು ತಮಿಳರ ಮನೆಮಾತಾಯಿತು, ಬೆಂಗಳೂರಿನ ಭಾಷೆಗೆ ಮಾತ್ರ ಸಿಗಲಿಲ್ಲ.

ಕನ್ನಡದಲ್ಲಿ ಬರೆದವರೇ ಇಲ್ಲವೆಂದಲ್ಲ. ರಾಜಶೇಖರ ಭೂಸನೂರಮಠ ಜೀವಮಾನವಿಡೀ ಬರೆದರು. ‘ಮಹಾಸಂಪರ್ಕ’ ಬರೆದ ಮನು ಇದ್ದರು. ಹಾರುವ ಓತಿಯ ಬೆನ್ನು ಹತ್ತಿದ ‘ಕರ್ವಾಲೊ’ ಕೊಟ್ಟ ತೇಜಸ್ವಿ ಹಾರುವ ತಟ್ಟೆಗಳ ಬಗ್ಗೆಯೂ ಪುಸ್ತಕ ಮಾಡಿದರು. ಉಪೇಂದ್ರ 2002ರಲ್ಲೇ ‘ಹಾಲಿವುಡ್’ನಲ್ಲಿ ಯಂತ್ರಮಾನವನಾಗಿದ್ದರು. ಆದರೆ ಇವರನ್ನು ನಾವು ನಡೆಸಿಕೊಂಡದ್ದು ಹೇಗೆ? ತೇಜಸ್ವಿಯವರ ಹೊರತು ಉಳಿದವರಿಗೆ ವಿಮರ್ಶೆಯ ಪಂಕ್ತಿಯಲ್ಲಿ ಎಲೆಯನ್ನೇ ಹಾಕಲಿಲ್ಲ. ‘ಮಕ್ಕಳ ಸಾಹಿತ್ಯ’ ಎಂದು ಬದಿಗೆ ಸರಿಸಿದೆವು, ಮಕ್ಕಳಿಗೂ ತಲುಪಿಸಲಿಲ್ಲ.

ಈಗ ಬಾಗಿಲು ತೆರೆದಿದೆ. 2020ರ ಲಾಕ್‌ಡೌನಿನಲ್ಲಿ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಬಂದಾಗ ಮನೆಮಂದಿಯೆಲ್ಲ ನೋಡಿದರು, ಆಕಾಶವೇನೂ ಬೀಳಲಿಲ್ಲ. 2022ರ ಕೊನೆಗೆ ‘ಅವತಾರ್’ನ ಎರಡನೇ ಭಾಗ, 2023ರಲ್ಲಿ ಸ್ಪೈಡರ್‌ಮ್ಯಾನನ ಕಾರ್ಟೂನು ಚಿತ್ರ ಕನ್ನಡದಲ್ಲೂ ಬಂದವು. ಆದರೆ ಕಾಟಾಚಾರಕ್ಕೆ ಬಂದರೆ ಸಾಲದು. ಡಬ್ ಆದ ಚಿತ್ರದ ಸಂಭಾಷಣೆ ಕೇಳಿದರೆ ಯಾವ ಊರಿನವರೂ ಆಡದ ಕನ್ನಡ. ಕನ್ನಡ ಆವೃತ್ತಿಗೆ ಪ್ರದರ್ಶನ ಕೊಡದೆ, ಜನ ಬರಲಿಲ್ಲ ಎಂದು ಷರಾ ಬರೆಯುವುದು ಯಾವ ನ್ಯಾಯ? ಬೆಂಗಳೂರಿನ ಕಾಮಿಕ್ ಕಾನ್ ಇತ್ತೀಚಿನ ವರ್ಷಗಳಲ್ಲಿ ನಡೆಯುವುದು ವೈಟ್‌ಫೀಲ್ಡ್‌ನಲ್ಲಿ. 2023ರ ಅಕ್ಟೋಬರಿನಿಂದ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದರೆ ನೇರಳೆ ಮಾರ್ಗ ನೇರವಾಗಿ ಅಲ್ಲಿಗೇ ಒಯ್ಯುತ್ತದೆ. ಹಳಿ ಸೇರಿಕೊಂಡಿದೆ, ಭಾಷೆ ಸೇರಿಕೊಂಡಿಲ್ಲ. ಬಣ್ಣ ಬಳಿದು, ರಟ್ಟಿನ ಕವಚ ತೊಟ್ಟು ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರನ್ನು ಕಂಡು ನಗುವ ಹಿರಿಯರಿಗೆ ಒಂದು ಮಾತು: ರಾತ್ರಿಯಿಡೀ ಕೂತು ಯಕ್ಷಗಾನದಲ್ಲಿ ಕಿರೀಟ ತೊಟ್ಟ ರಾಕ್ಷಸನನ್ನು ನೋಡುವ ನಾಡು ಇದು. ವೇಷ ನಮಗೆ ಹೊಸದಲ್ಲ.

ಆದ್ದರಿಂದ ನಮ್ಮ ಬೇಡಿಕೆ ನೇರವಾಗಿದೆ. ಡಬ್ ಮಾಡುವವರು ಒಳ್ಳೆಯ ಕನ್ನಡ ಲೇಖಕರಿಂದ ಮಾತು ಬರೆಸಲಿ, ಅವರಿಗೆ ಸರಿಯಾದ ಸಂಭಾವನೆ ಕೊಡಲಿ. ಉದ್ಯೋಗದ ಮಾತು ಆಡುವವರಿಗೆ ಉತ್ತರ ಇದರಲ್ಲೇ ಇದೆ. ಚಾನೆಲ್ಲುಗಳು ವಾರಕ್ಕೊಂದು ಗಂಟೆಯನ್ನಾದರೂ ಕನ್ನಡದ್ದೇ ಆದ ವೈಜ್ಞಾನಿಕ ಕಲ್ಪನೆಗೆ ಬಿಡಲಿ. ಹಂಪಿನಗರದ ಗ್ರಂಥಾಲಯದಿಂದ ಹಿಡಿದು ಬಡಾವಣೆಯ ಸಣ್ಣ ಓದುಮನೆಗಳವರೆಗೆ ಈ ಪುಸ್ತಕಗಳಿಗೆ ಒಂದು ಕಪಾಟು ಇರಲಿ. ಚಿತ್ರಕಲಾ ವಿದ್ಯಾರ್ಥಿಗಳು ಕೆರೆ, ದೇವಸ್ಥಾನ, ನೀರು ಹೊರುವ ಹೆಂಗಸು ಇವುಗಳ ಜೊತೆಗೆ ಇನ್ನೂರು ವರ್ಷಗಳಾಚೆಯ ಬೆಂಗಳೂರನ್ನೂ ಬಿಡಿಸಲಿ. ವೃಷಭಾವತಿಯಲ್ಲಿ ಮತ್ತೆ ಮೀನು ಆಡುವ ಚಿತ್ರವನ್ನು ಈಗ ಬಿಡಿಸಬೇಕಾದವರು ಕಲ್ಪನೆಯವರೇ ತಾನೆ?

ಹಳೆಯ ಶಾಸನಗಳಿಂದ ಒಂದು ಭಾಷೆಯ ಹಿರಿಮೆ ತಿಳಿಯುತ್ತದೆ. ಆದರೆ ಅದರ ಆಯುಸ್ಸು ಇರುವುದು ಮಕ್ಕಳು ಅದರಲ್ಲಿ ಮುಂದಿನ ದಿನಗಳನ್ನು ಊಹಿಸಬಲ್ಲರೇ ಎಂಬುದರಲ್ಲಿ. ಹಲ್ಮಿಡಿಯ ಬಗ್ಗೆ ಭಾಷಣ ಮಾಡುವವರು ಪೀಣ್ಯದ ಆ ಶೆಡ್ಡುಗಳನ್ನೂ ಒಮ್ಮೆ ನೆನೆಯಲಿ. ಅಲ್ಲಿ ಬೆಸುಗೆ ಹಾಕಿದ ಕೈಗಳಿಗೆ ಕನ್ನಡ ಬರುತ್ತಿತ್ತು.